ಸೈಡ್ ಮಿರರ್ ಕ್ಯಾಪಿಗೆ ಮನೇಲಿ ಹೊಡೆದ ಪೇಂಟ್ ಕೆಟ್ಟಿದ್ಯಾ? ಮೊದ್ಲು ಯಾವ ಪದರ ಕೆಟ್ಟಿದೆ ಅಂತ ಹುಡುಕಿ

ಟ್ರಾಫಿಕಲ್ಲಿ ಬೈಕಿನ ಹ್ಯಾಂಡಲ್ ತಾಗಿ ಕಾರಿನ ಮಿರರ್ ಕ್ಯಾಪ್, ಅಂದ್ರೆ ಸೈಡ್ ಮಿರರ್ ಹಿಂದಿನ ಕವರ್, ಗೀಚೋಗತ್ತೆ, ಇಲ್ಲಾ ಪೆಟ್ರೋಲ್ ಮುಚ್ಚಳದ ಅಂಚಲ್ಲಿ ಬಣ್ಣ ಎದ್ದಿರತ್ತೆ, ಇಷ್ಟು ಚಿಕ್ಕ ಕೆಲ್ಸಕ್ಕೂ ಗ್ಯಾರೇಜಲ್ಲಿ ಇಡೀ ಪ್ಯಾನೆಲ್ ರೇಟ್ ಹೇಳ್ತಾರೆ ಅಂತ ಪ್ರೈಮರ್, ಕಲರ್, ಕ್ಲಿಯರ್ ಮೂರು ಸ್ಪ್ರೇ ಕ್ಯಾನ್ ತಂದು ಮನೇಲೇ ಹೊಡೀತೀವಿ. ಒಳ್ಳೇ ನಿರ್ಧಾರಾನೇ, ಕಲಿಯೋಕೆ ಅಂಗೈ ಅಗಲದ ಪಾರ್ಟಿಗಿಂತ ಒಳ್ಳೇದು ಇನ್ನೊಂದಿಲ್ಲ. ಆದ್ರೆ ಮೊದಲ ಸಲ ಏನಾದ್ರೂ ಒಂದು ಕೆಡೋದು ತೀರಾ ಸಾಮಾನ್ಯ. ಸುಕ್ಕು ಏಳತ್ತೆ, ಗುಳಿ ಬೀಳತ್ತೆ, ಬಿಳಿ ಮಂಜು ಕೂರತ್ತೆ, ಇಲ್ಲಾ ಹೊಡೆದಾಗ ಚೆನ್ನಾಗೇ ಇದ್ದದ್ದು ಎರಡು ತಿಂಗಳಾದ್ಮೇಲೆ ಚಕ್ಕೆ ಚಕ್ಕೆಯಾಗಿ ಎದ್ದು ಬರತ್ತೆ. ಆಗ ಕೈ ತಾನಾಗೇ ಕ್ಯಾನ್ ಕಡೆ ಹೋಗತ್ತೆ, ಮೇಲೆ ಇನ್ನೊಂದು ಕೋಟ್ ಹೊಡೆದ್ರೆ ಮುಚ್ಚೋಗತ್ತೆ ಅನ್ಸತ್ತೆ. ದಯವಿಟ್ಟು ಅದೊಂದು ಮಾಡ್ಬೇಡಿ. ಕೆಟ್ಟಿರೋದು ಕಾಣೋದು ಮೇಲಿನ ಪದರದಲ್ಲಿ, ಕಾರಣ ಇರೋದು ಬಹಳಷ್ಟು ಸಲ ಅದರ ಕೆಳಗೆ, ಅಥವಾ ಎರಡು ಕೋಟ್ ನಡುವೆ ಬಿಟ್ಟ ಟೈಮಲ್ಲಿ. ಕಾರಣ ಗೊತ್ತಾಗ್ದೇ ಹೊಡೆದ ಕೋಟ್ ಅಂದ್ರೆ ಮುಂದೆ ಉಜ್ಜಿ ತೆಗೀಬೇಕಾದ ಇನ್ನೊಂದು ಪದರ ಅಷ್ಟೆ.

ಕಂಪ್ನಿಯಿಂದ ಬಂದ ಪೇಂಟ್ ಎಲ್ಲಾ ಪದರ ಸೇರಿ ಹೆಚ್ಚುಕಮ್ಮಿ 100ರಿಂದ 150 ಮೈಕ್ರಾನ್ ಇರತ್ತೆ, ಅಂದ್ರೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅಷ್ಟು ತೆಳ್ಳಗಿರೋದ್ರೊಳಗೆ ಹಿಡಿತಕ್ಕೆ ಅಂತ ಪ್ರೈಮರ್, ಅದರ ಮೇಲೆ ಕಲರ್ ಅಂದ್ರೆ ಬೇಸ್ ಕೋಟ್, ಅದರ ಮೇಲೆ ಹೊಳಪಿನ ಕ್ಲಿಯರ್ ಕೋಟ್ ಎಲ್ಲಾ ಇದೆ. ನಾವು ಮನೇಲಿ ಮಾಡೋದೂ ಇದೇ ಮೂರು. ಹಾಗಾಗಿ ಯಾವ್ದೇ ದೋಷ ಕಂಡ್ರೂ ಕೇಳ್ಬೇಕಾದ ಪ್ರಶ್ನೆ ಒಂದೇ, ಇದು ಎಷ್ಟನೇ ಪದರದಲ್ಲಿ ಹುಟ್ಟಿದ್ದು.

ಏನೂ ಮುಟ್ಟೋಕೆ ಮುಂಚೆ ಮಾಡೋ ಪರೀಕ್ಷೆ

ಮೊದ್ಲು ಒಂದು ರಾತ್ರಿ ಪೂರ್ತಿ ಬಿಡಿ. ಹಸಿ ಪೇಂಟಲ್ಲಿ ಕಾಣೋ ಎಷ್ಟೋ ತೊಂದ್ರೆ ಒಣಗಿದ್ಮೇಲೆ ಬೇರೆ ಥರ ಕಾಣತ್ತೆ. ಅದ್ರಲ್ಲೂ ಬೇಸ್ ಕೋಟ್ ಒಣಗಿದಾಗ ಹೊಳಪೇ ಇಲ್ದೆ ಸೀಮೆಸುಣ್ಣ ಬಳಿದ ಹಾಗೆ ಮಂಕಾಗಿ ಕೂರತ್ತೆ, ಅದು ದೋಷ ಅಲ್ಲ, ಅದು ಇರೋದೇ ಹಾಗೆ, ಹೊಳಪು ಬರೋದು ಕ್ಲಿಯರ್ ಬಿದ್ದಾಗ. ಇದು ಗೊತ್ತಿಲ್ದೆ ಹೊಳಪು ಬರ್ಲಿ ಅಂತ ಬೇಸ್ ಕೋಟನ್ನೇ ದಪ್ಪ ದಪ್ಪ ಹೊಡೆದು ಕೆಡಿಸ್ಕೊಳ್ಳೋರು ಬಹಳ ಜನ.

ಬೆಳಿಗ್ಗೆ ಮೊಬೈಲ್ ಟಾರ್ಚನ್ನ ಪಾರ್ಟಿನ ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ, ನೇರವಾಗಿ ಅಲ್ಲ. ಓರೆ ಬೆಳಕಲ್ಲಿ ಉಬ್ಬು ತಗ್ಗು, ಉಜ್ಜಿದ ಗೆರೆ, ಧೂಳಿನ ಕಾಳು ಎಲ್ಲಾ ಎದ್ದು ಕಾಣತ್ತೆ. ಆಮೇಲೆ ಒಣಗಿದ ಬೆರಳಿಂದ ಮೆಲ್ಲಗೆ ಸವರಿ, ಒರಟಾ ನುಣುಪಾ ಅಂತ ನೆನಪಿಟ್ಕೊಳ್ಳಿ, ಇದು ಮುಂದೆ ಬೇಕಾಗತ್ತೆ. ಮೂರನೇದು, ಕ್ಯಾಪಿನ ಒಳಗಡೆ ಅಂಚಲ್ಲಿ, ಹೊರಗೆ ಕಾಣದ ಕಡೆ ಉಗುರು ಒತ್ತಿ. ಗುರುತು ಬಿದ್ರೆ ಒಳಗಡೆ ಇನ್ನೂ ತಿನ್ನರ್ ಇದೆ ಅಂತ ಅರ್ಥ, ಆ ಸ್ಥಿತಿಲಿ ಉಜ್ಜೋದಾಗ್ಲಿ ಇನ್ನೊಂದು ಕೋಟ್ ಹೊಡೆಯೋದಾಗ್ಲಿ ಬೇಡ್ವೇ ಬೇಡ.

ನಾಲ್ಕನೇದು ತಿನ್ನರ್ ಪರೀಕ್ಷೆ, ಇದು ಹಳೇ ಪೇಂಟ್ ಎಂಥದ್ದು ಅಂತ ತಿಳ್ಕೊಳ್ಳೋಕೆ. ಹತ್ತಿ ಉಂಡೆಗೆ ಸ್ವಲ್ಪ ತಿನ್ನರ್ ಹಾಕಿ ಹಳೇ ಪೇಂಟಿನ ಮೂಲೇಲಿ ಒಂದು ಹತ್ತು ಸೆಕೆಂಡ್ ಉಜ್ಜಿ. ಕಂಪ್ನಿ ಪೇಂಟ್ ಒಲೇಲಿ ಬೇಯಿಸಿ ಗಟ್ಟಿ ಮಾಡಿರೋದು, ಅದು ಅಷ್ಟು ಸುಲಭಕ್ಕೆ ಅಲ್ಲಾಡಲ್ಲ. ಬಣ್ಣ ಹತ್ತಿಗೆ ಬಂದ್ರೆ ಅಥವಾ ಜಾಗ ಅಂಟಂಟಾದ್ರೆ, ಮುಂಚೆ ಯಾರೋ ಅದಕ್ಕೆ ಸಾದಾ ಪೇಂಟ್ ಹೊಡೆದಿದ್ದಾರೆ, ಸೆಕೆಂಡ್ ಹ್ಯಾಂಡ್ ಕಾರಲ್ಲಿ ಇದು ಮಾಮೂಲು. ಒಂದು ಎಚ್ಚರಿಕೆ, ಈ ಪರೀಕ್ಷೆ ಪೇಂಟ್ ಇರೋ ಜಾಗದಲ್ಲಿ ಮಾತ್ರ. ಮಿರರ್ ಕ್ಯಾಪ್ ಹೆಚ್ಚಾಗಿ ಎಬಿಎಸ್ ಪ್ಲಾಸ್ಟಿಕ್, ಬರೀ ಪ್ಲಾಸ್ಟಿಕ್ ಮೇಲೆ ತಿನ್ನರ್ ಬಿದ್ರೆ ಅದು ಕರಗಿ ಮೆತ್ತಗಾಗತ್ತೆ. ಬೆತ್ತಲೆ ಪ್ಲಾಸ್ಟಿಕ್ ಒರೆಸೋಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು, ಮೆಡಿಕಲ್ ಶಾಪಲ್ಲೂ ಆನ್‌ಲೈನಲ್ಲೂ ಸಿಗತ್ತೆ.

ಚಕ್ಕೆ ಏಳ್ತಿದ್ರೆ ಚಕ್ಕೆಯ ಬೆನ್ನು ನೋಡಿ

ಎಲ್ಲಾ ದೋಷಕ್ಕಿಂತ ಇದರ ಕಾರಣ ಹುಡುಕೋದು ಸುಲಭ, ಯಾಕಂದ್ರೆ ಸಾಕ್ಷಿ ಕೈಗೇ ಬರತ್ತೆ. ಎದ್ದ ಚಕ್ಕೆ ಒಂದನ್ನ ಎತ್ತಿ ತಿರುಗಿಸಿ ನೋಡಿ, ಅದು ಬಿಟ್ಟು ಬಂದ ಜಾಗಾನೂ ನೋಡಿ.

ಚಕ್ಕೆಯ ಬೆನ್ನು ಪ್ರೈಮರ್ ಬಣ್ಣ ಇದ್ದು, ಕ್ಯಾಪ್ ಮೇಲೆ ಬರೀ ಕರಿ ಪ್ಲಾಸ್ಟಿಕ್ ಕಾಣ್ತಿದ್ರೆ ಪ್ರೈಮರ್ ಪ್ಲಾಸ್ಟಿಕ್ಕಿಗೆ ಅಂಟೇ ಇಲ್ಲ. ಈಗ ಪಾರ್ಟಿನ ಒಳಗಡೆ ಅಚ್ಚು ಒತ್ತಿರೋ ಅಕ್ಷರ ಓದಿ. ಎಬಿಎಸ್ ಅಂತಿದ್ರೆ ಚೆನ್ನಾಗಿ ಉಜ್ಜಿ ಒರೆಸಿದ್ರೆ ಪ್ರೈಮರ್ ಹಿಡಿಯತ್ತೆ, ಹಾಗಾಗಿ ತಪ್ಪಾಗಿರೋದು ಉಜ್ಜೋದ್ರಲ್ಲಿ ಅಥವಾ ಕ್ಲೀನ್ ಮಾಡೋದ್ರಲ್ಲಿ. ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಅಥವಾ ಪಿಪಿ ಜೊತೆ ಇಪಿಡಿಎಂ (ಒಂಥರಾ ರಬ್ಬರ್) ಅಂತಿದ್ರೆ, ಬಂಪರ್‌ಗಳು ಹೆಚ್ಚಾಗಿ ಇದೇ, ಅದರ ಮೇಲೆ ಮಾಮೂಲಿ ಪ್ರೈಮರ್ ಕೂರೋದೇ ಇಲ್ಲ, ಎಷ್ಟು ಉಜ್ಜಿದ್ರೂ ಅಷ್ಟೇ. ಅದಕ್ಕೆ ಅಂತಾನೇ ಅಡ್ಹೀಷನ್ ಪ್ರಮೋಟರ್ ಅಂತ ಒಂದು ತೆಳು ಕೋಟ್ ಬರತ್ತೆ, ಅಂಗಡೀಲಿ ಪ್ಲಾಸ್ಟಿಕ್ ಪ್ರೈಮರ್ ಅಂತ ಕೇಳಿದ್ರೂ ಕೊಡ್ತಾರೆ. ಬಂಪರ್ ಮೂಲೆ ಪೇಂಟ್ ಮಾಡೋರು ಇದನ್ನ ಬಿಟ್ರೆ ಮೊದಲ್ನೇ ಪ್ರೆಷರ್ ವಾಷಿಗೇ ಹಾಳೆ ಹಾಳೆಯಾಗಿ ಎದ್ದೋಗತ್ತೆ.

ಪ್ರೈಮರ್ ಅಲ್ಲೇ ಇದ್ದು ಬಣ್ಣ ಮಾತ್ರ ಎದ್ದಿದ್ರೆ, ಪ್ರೈಮರ್ ಒಣಗಿದ್ಮೇಲೆ ಅದನ್ನ ಉಜ್ಜದೇ ಬಣ್ಣ ಹೊಡೆದಿದ್ದೀರ, ಅಥವಾ ಉಜ್ಜಿದ ಪುಡಿ ಒರೆಸಿಲ್ಲ. ಚಕ್ಕೆ ಗಾಜಿನ ಹಾಗೆ ಪಾರದರ್ಶಕವಾಗಿದ್ದು ಬಣ್ಣ ಕೆಳಗೇ ಉಳ್ಕೊಂಡಿದ್ರೆ ಬಿಟ್ಕೊಂಡಿರೋದು ಕ್ಲಿಯರ್. ಬೇಸ್ ಹೊಡೆದು ಎರಡು ಮೂರು ದಿನ ಬಿಟ್ಟು ಕ್ಲಿಯರ್ ಹೊಡೆದ್ರೆ ಹೀಗಾಗತ್ತೆ, ಬೇಸ್ ಇನ್ನೂ ಸ್ವಲ್ಪ ತೆರೆದಿರೋವಾಗ್ಲೇ ಕ್ಲಿಯರ್ ಹೋಗಿ ಅದರ ಜೊತೆ ಬೆಸೀಬೇಕು, ಅದಕ್ಕೇ ಕ್ಯಾನ್ ಮೇಲೆ ಬೇಸ್ ಆದ ಎಷ್ಟು ಹೊತ್ತಿನೊಳಗೆ ಕ್ಲಿಯರ್ ಅಂತ ಬರೆದಿರತ್ತೆ. ಬೆಳಿಗ್ಗೆ ಬೇಸ್ ಹೊಡೆದ್ರೆ ಅವತ್ತೇ ಕ್ಲಿಯರ್ ಮುಗಿಸೋ ಹಾಗೆ ಟೈಮ್ ಇಟ್ಕೊಳ್ಳಿ.

ಬಿಟ್ಟಿರೋ ಜಾಗ ಒಂದೇ ಕಡೆ ಇದ್ರೂ ಉಳಿದ ಕಡೆ ಗಟ್ಟಿ ಇದೆ ಅಂತ ನಂಬ್ಬೇಡಿ. ಬ್ಲೇಡಲ್ಲಿ ಒಂದು ಮೂಲೇಲಿ ಸಣ್ಣ ಚೌಕ ಚೌಕವಾಗಿ ಗೀಚಿ, ಗಟ್ಟಿ ಟೇಪ್ ಒತ್ತಿ ಅಂಟಿಸಿ, ಸರ್ರಂತ ಎಳೀರಿ. ಚೌಕಗಳು ಟೇಪಿಗೆ ಬಂದ್ರೆ ಪೂರ್ತಿ ತೆಗೆದು ಮೊದಲಿಂದ ಮಾಡೋದೇ ದಾರಿ. ಪೇಂಟ್ ಕಂಪ್ನಿಗಳೂ ಹಿಡಿತ ಅಳೆಯೋದು ಇದೇ ತತ್ವದ ಮೇಲೆ, ಅದಕ್ಕೆ ಐಎಸ್ಒ 2409 ಅನ್ನೋ ಸ್ಟಾಂಡರ್ಡೇ ಇದೆ.

ತೆಗೆಯೋವಾಗ ಪ್ಲಾಸ್ಟಿಕ್ ಮೇಲೆ ಪೇಂಟ್ ರಿಮೂವರ್ ಜೆಲ್ ಹಾಕ್ಬೇಡಿ, ಪಾರ್ಟೇ ಹೋಗತ್ತೆ. 320 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜೋ ಮರಳು ಕಾಗದ, ನಂಬರ್ ಹೆಚ್ಚಾದಷ್ಟೂ ನಯ), ತಾಳ್ಮೆ, ಅಷ್ಟೇ.

ಗುಳಿ ಗುಳಿಯಾಗಿ ಪೇಂಟ್ ದೂರ ಸರಿದಿದ್ರೆ

ಹೊಡೆದ ಕೆಲವೇ ಸೆಕೆಂಡಲ್ಲಿ ಪುಟ್ಟ ಪುಟ್ಟ ವೃತ್ತಗಳಾಗಿ ಪೇಂಟ್ ಪಕ್ಕಕ್ಕೆ ಸರಿದು ನಡುವೆ ಕೆಳಗಿನ ಪದರ ಕಾಣತ್ತೆ, ಪೇಂಟರ್‌ಗಳು ಇದನ್ನ ಫಿಶ್ ಐ ಅಂತಾರೆ. ಕಾರಣ ಬಹುತೇಕ ಯಾವಾಗ್ಲೂ ಜಿಡ್ಡು, ಅದ್ರಲ್ಲೂ ಸಿಲಿಕಾನ್. ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಪಾಲಿಶ್, ಕಾರ್ ವ್ಯಾಕ್ಸ್ ಇದ್ರಲ್ಲೆಲ್ಲಾ ಸಿಲಿಕಾನ್ ಇರೋ ಸಾಧ್ಯತೆ ಹೆಚ್ಚು, ಪಕ್ಕದಲ್ಲೇ ಯಾರಾದ್ರೂ ಅದನ್ನ ಸ್ಪ್ರೇ ಮಾಡಿದ್ರೂ ಗಾಳೀಲಿ ಬಂದು ಕೂರತ್ತೆ. ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಲಿ ಪಾರ್ಟ್ ಹಿಡಿದ್ರೂ ಸಾಕು.

ಗುಳಿಗಳ ಹಂಚಿಕೆ ನೋಡಿ. ಹಿಡ್ಕೊಂಡ ಅಂಚಲ್ಲೇ ಗುಂಪಾಗಿದ್ರೆ ಬೆರಳಿನ ಜಿಡ್ಡು. ಪೂರ್ತಿ ಹರಡಿದ್ರೆ ಒರೆಸಿದ ಬಟ್ಟೆ ಅಥವಾ ಹಳೇ ವ್ಯಾಕ್ಸ್. ಕ್ಲೀನ್ ಮಾಡೋ ಕ್ರಮಾನೇ ಇಲ್ಲಿ ಮುಖ್ಯ, ಮೊದ್ಲು ಪಾತ್ರೆ ತೊಳೆಯೋ ಲಿಕ್ವಿಡಲ್ಲಿ ತೊಳೀಬೇಕು, ಒಣಗಿಸಿ ಆಲ್ಕೊಹಾಲಲ್ಲಿ ಒರೆಸ್ಬೇಕು, ಆಮೇಲೆ ಉಜ್ಜಬೇಕು, ಉಜ್ಜಿದ್ಮೇಲೆ ಮತ್ತೆ ಒರೆಸ್ಬೇಕು. ಒರೆಸದೇ ಮೊದ್ಲು ಉಜ್ಜಿದ್ರೆ ಜಿಡ್ಡು ಪೇಪರ್ ಎಳೆದ ಗೆರೆಗಳ ಒಳಗೆ ಹೋಗಿ ಕೂತ್ಕೊಳ್ಳತ್ತೆ, ಆಮೇಲೆ ಅದು ಹೊರಗೆ ಬರೋದು ಕಷ್ಟ. ಒರೆಸೋದಕ್ಕೂ ಎರಡು ಬಟ್ಟೆ ಬೇಕು, ಒಂದರಲ್ಲಿ ಹಚ್ಚಿ, ಅದು ಆರೋಕೆ ಮುಂಚೆ ಇನ್ನೊಂದು ಒಣ ಬಟ್ಟೇಲಿ ಎತ್ಕೊಳ್ಳಿ, ಆರೋಕೆ ಬಿಟ್ರೆ ಕರಗಿದ ಜಿಡ್ಡು ಅಲ್ಲೇ ಮತ್ತೆ ಹರಡ್ಕೊಂಡು ಕೂರತ್ತೆ. ಫ್ಯಾಬ್ರಿಕ್ ಕಂಡೀಷನರ್ ಹಾಕಿ ಒಗೆದ ಬಟ್ಟೆ ಈ ಕೆಲ್ಸಕ್ಕೆ ಬೇಡ.

ಒಂದೆರಡು ಗುಳಿ ಮಾತ್ರ ಇದ್ರೆ ಒಣಗಿದ್ಮೇಲೆ ದೂರದಿಂದ ತೀರಾ ತೆಳ್ಳಗೆ, ಧೂಳು ಉದುರಿಸಿದ ಹಾಗೆ ಎರಡು ಮೂರು ಸಲ ಹೊಡೆದು ತುಂಬಬಹುದು. ದಪ್ಪ ಹಸಿ ಕೋಟ್ ಹೊಡೆದ್ರೆ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡತ್ತೆ. ಹತ್ತಾರು ಇದ್ರೆ ಆ ಪದರ ಉಜ್ಜಿ ತೆಗೀರಿ.

ಸುಕ್ಕು: ಟೈಮಿನ ದೋಷ

ಎರಡನೇ ಅಥವಾ ಮೂರನೇ ಕೋಟ್ ಹೊಡೆದ ತಕ್ಷಣ ಕಣ್ಣೆದುರಿಗೇ ಪೇಂಟ್ ಮುದುರಿ ಸುಕ್ಕು ಸುಕ್ಕಾಗತ್ತೆ. ನೋಡೋಕೆ ಭಯ ಆಗತ್ತೆ, ಆದ್ರೆ ಕಾರಣ ಸ್ಪಷ್ಟ. ಕೆಳಗಿನ ಕೋಟ್ ಮೇಲಷ್ಟೇ ಒಣಗಿ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ, ಒಳಗೆ ಹಸಿ ಉಳ್ಕೊಂಡಿರತ್ತೆ. ಹೊಸ ಕೋಟಿನ ತಿನ್ನರ್ ಆ ಕೆನೆಯೊಳಗೆ ಇಳಿದು ಅದನ್ನ ಊದಿಸತ್ತೆ, ಊದಿದ ಪದರಕ್ಕೆ ಹೋಗೋಕೆ ಜಾಗ ಇಲ್ಲ, ಅದು ಮೇಲಕ್ಕೆ ಮಡಿಸ್ಕೊಳ್ಳತ್ತೆ.

ಇಲ್ಲಿ ಎರಡು ಬೇರೆ ಬೇರೆ ಕಾರಣಗಳನ್ನ ಬಿಡಿಸಿ ನೋಡ್ಬೇಕು. ಪಾರ್ಟ್ ಪೂರ್ತಿ ಸುಕ್ಕಾಗಿದ್ರೆ ಟೈಮ್ ತಪ್ಪಿದೆ, ಅಥವಾ ಎರಡು ಬೇರೆ ಜಾತಿ ಪೇಂಟ್ ಬೆರೆತಿದೆ. ಬಹಳಷ್ಟು ಎನಾಮೆಲ್ ಕ್ಯಾನ್ ಮೇಲೆ ಒಂದು ಗಂಟೆಯೊಳಗೆ ಮುಂದಿನ ಕೋಟ್ ಹೊಡೀರಿ, ಇಲ್ಲಾ ಒಂದೆರಡು ದಿನ ಬಿಟ್ಟು ಹೊಡೀರಿ ಅಂತ ಬರೆದಿರತ್ತೆ, ಆ ನಡುವಿನ ಹೊತ್ತೇ ಅಪಾಯದ ಹೊತ್ತು, ಊಟ ಮಾಡಿ ಮಲಗೆದ್ದು ಸಂಜೆ ಹೊಡೆಯೋರು ಸರಿಯಾಗಿ ಅದರಲ್ಲೇ ಸಿಕ್ಕಿಹಾಕ್ಕೊಳ್ತಾರೆ. ಇನ್ನು ಜಾತಿ ವಿಷಯ, ಹಾರ್ಡ್‌ವೇರ್ ಅಂಗಡೀಲಿ ಗೇಟಿಗೆ ಗ್ರಿಲ್ಲಿಗೆ ಅಂತ ಮಾರೋ ಸಿಂಥೆಟಿಕ್ ಎನಾಮೆಲ್ ಗಾಳಿಯ ಆಕ್ಸಿಜನ್ ಹೀರ್ಕೊಂಡು ನಿಧಾನಕ್ಕೆ ಗಟ್ಟಿಯಾಗೋ ಪೇಂಟ್, ಮುಟ್ಟಿದ್ರೆ ಒಣಗಿದೆ ಅನ್ಸಿದ್ರೂ ಒಳಗೆ ಗಟ್ಟಿಯಾಗೋಕೆ ದಿನಗಟ್ಟಲೆ ಬೇಕು. ಅದರ ಮೇಲೆ ಕಾರಿನ ಆಕ್ರಿಲಿಕ್ ಕ್ಯಾನ್ ಹೊಡೆದ್ರೆ ಅದರ ಖಾರದ ತಿನ್ನರ್ ಕೆಳಗಿನದ್ದನ್ನ ಎಬ್ಬಿಸಿಬಿಡತ್ತೆ. ಹಾಗಾಗಿ ಪ್ರೈಮರ್, ಬಣ್ಣ, ಕ್ಲಿಯರ್ ಮೂರೂ ಒಂದೇ ಕಂಪ್ನಿಯ ಒಂದೇ ಸರಣಿಯದ್ದು ತಗೊಳ್ಳಿ, ಪ್ರೈಮರ್‌ನಲ್ಲಿ ಐವತ್ತು ರೂಪಾಯಿ ಉಳಿಸೋಕೆ ಹೋಗೋದು ನನ್ನ ಪ್ರಕಾರ ಈ ಕೆಲ್ಸದಲ್ಲಿ ಅತಿ ದುಬಾರಿ ಉಳಿತಾಯ.

ಸುಕ್ಕು ಬರೀ ಒಂದು ಉಂಗುರದ ಥರ, ನೀವು ಹಳೇ ಪೇಂಟ್ ಉಜ್ಜಿ ತೆಗೆದ ಜಾಗದ ಸುತ್ತ ಮಾತ್ರ ಇದ್ರೆ ವಿಷಯ ಬೇರೆ. ಅಲ್ಲಿ ಹಳೇ ಪದರಗಳ ಅಂಚು ಬಿಚ್ಕೊಂಡಿದೆ, ತಿನ್ನರ್ ಆ ಅಂಚಿನಿಂದ ಒಳಗೆ ನುಗ್ಗಿದೆ. ಮೇಲೆ ಹೇಳಿದ ತಿನ್ನರ್ ಪರೀಕ್ಷೇಲಿ ಹಳೇ ಪೇಂಟ್ ಕರಗಿದ್ರೆ ಇದು ಖಂಡಿತ ಬರತ್ತೆ. ಅಂಥ ಕಡೆ ಹಳೇದನ್ನ ಪೂರ್ತಿ ತೆಗೀಬೇಕು, ಇಲ್ಲಾ ಹಾರ್ಡನರ್ ಅನ್ನೋ ಗಟ್ಟಿ ಮಾಡೋ ದ್ರವ ಬೆರೆಸೋ 2ಕೆ ಪ್ರೈಮರ್‌ನಿಂದ ಮುಚ್ಬೇಕು.

ಸುಕ್ಕು ಬಂದ್ಮೇಲೆ ಅವತ್ತು ಕೆಲ್ಸ ನಿಲ್ಸಿ. ಅದು ಒಳಗಿಂದ ಗಟ್ಟಿಯಾಗೋಕೆ ಒಂದು ವಾರ ಕೊಡಿ. ಹಸೀಲಿ ಉಜ್ಜಿದ್ರೆ ರಬ್ಬರ್ ಥರ ಸುತ್ತಿ ಸುತ್ತಿ ಬಂದು ಪೇಪರನ್ನೇ ಕಟ್ಟಿಹಾಕತ್ತೆ.

ಬಿಳಿ ಮಂಜು, ಅಂದ್ರೆ ನಮ್ಮ ಮಳೆಗಾಲದ ದೋಷ

ಕ್ಲಿಯರ್ ಹೊಡೆದು ಹತ್ತು ನಿಮಿಷದಲ್ಲಿ ಹಾಲು ಬೆರೆಸಿದ ಹಾಗೆ ಬೆಳ್ಳಗಾಗತ್ತೆ, ಕಪ್ಪು, ಕೆಂಪು ಬಣ್ಣದಲ್ಲಿ ಇನ್ನೂ ಜಾಸ್ತಿ ಕಾಣತ್ತೆ. ತಿನ್ನರ್ ಆವಿಯಾಗುವಾಗ ಪೇಂಟಿನ ಮೈ ತಣ್ಣಗಾಗತ್ತೆ, ಗಾಳೀಲಿ ತೇವ ಜಾಸ್ತಿ ಇದ್ರೆ ಆ ತಣ್ಣನೆ ಮೈ ಮೇಲೆ ನೀರು ಕೂತು ಪೇಂಟಲ್ಲಿ ಸಿಕ್ಕಿಹಾಕ್ಕೊಳ್ಳತ್ತೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಇರೋರು, ಮಡಿಕೇರಿ ಆಗುಂಬೆ ಸೀಮೆಯವರು ಜೂನಿಂದ ಸೆಪ್ಟೆಂಬರ್ ತನಕ ಈ ಕೆಲ್ಸಕ್ಕೆ ಕೈ ಹಾಕದೇ ಇರೋದೇ ಒಳ್ಳೇದು. ಬೆಂಗಳೂರು ಮೈಸೂರಲ್ಲೂ ಮಳೆ ನಿಂತ ಸಂಜೆ ಗಾಳಿ ತಂಪಾಗಿದೆ ಅಂತ ಹೊಡೆಯೋಕೆ ಶುರು ಮಾಡ್ತಾರೆ, ಅದೇ ಹೊತ್ತಲ್ಲಿ ತೇವ ಜಾಸ್ತಿ ಇರೋದು. ಫೋನಲ್ಲಿ ಹವಾಮಾನ ತೆಗೆದು ಆರ್ದ್ರತೆ 70 ಪರ್ಸೆಂಟಿಗಿಂತ ಜಾಸ್ತಿ ತೋರಿಸ್ತಿದ್ರೆ ಮುಂದೂಡಿ. ನವೆಂಬರಿಂದ ಫೆಬ್ರವರಿ, ಬಿಸಿಲು ಸ್ವಲ್ಪ ಏರಿದ್ಮೇಲೆ ಬೆಳಿಗ್ಗೆ ಹತ್ತರಿಂದ ಹನ್ನೆರಡು, ನೆರಳಲ್ಲಿ, ಇದಕ್ಕಿಂತ ಒಳ್ಳೆ ಟೈಮ್ ನಮ್ಮಲ್ಲಿಲ್ಲ.

ಇದನ್ನ ಇನ್ನೊಂದು ದೋಷದ ಜೊತೆ ಕಲಸ್ಕೊಳ್ಳೋದು ಸಾಮಾನ್ಯ. ಕಲಬುರಗಿ, ರಾಯಚೂರು, ಬಳ್ಳಾರೀಲಿ ಏಪ್ರಿಲ್ ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಿ ಹೊಡೆದಾಗ್ಲೂ ಪೇಂಟ್ ಬೆಳ್ಳಗೆ ಮಂಕಾಗಿ ಕಾಣತ್ತೆ, ಆದ್ರೆ ಅದು ತೇವ ಅಲ್ಲ, ಹನಿಗಳು ಪಾರ್ಟ್ ಮುಟ್ಟೋಕೆ ಮುಂಚೇನೇ ಗಾಳೀಲೇ ಅರ್ಧ ಒಣಗಿ ಪುಡಿಯಾಗಿ ಕೂತಿರೋದು. ಬೆರಳಿಂದ ಸವರಿದ್ದು ನೆನಪಿದ್ಯಲ್ಲ, ಮಂಜು ಆದ್ರೆ ನುಣ್ಣಗಿರತ್ತೆ, ಪುಡಿ ಆದ್ರೆ ಒರಟಾಗಿರತ್ತೆ. ಪುಡಿಗೆ ಪರಿಹಾರ ಉಜ್ಜಿ, ಬೆಳಗಿನ ತಂಪಲ್ಲಿ, ಸ್ವಲ್ಪ ಹತ್ತಿರದಿಂದ ಮತ್ತೆ ಹೊಡೆಯೋದು. ಮಂಜಿಗೆ ಮೊದ್ಲು ಒಂದು ದಿನ ಒಣ ಬಿಸಿಲಲ್ಲಿಟ್ಟು ನೋಡಿ, ಹಾರ್ಡನರ್ ಇಲ್ಲದ ಸಾದಾ 1ಕೆ ಕ್ಲಿಯರ್ ಆದ್ರೆ ಕೆಲವು ಸಲ ತಾನಾಗೇ ತಿಳಿಯಾಗತ್ತೆ. ಆಗ್ಲಿಲ್ಲ ಅಂದ್ರೆ ಒಣ ದಿನ ನೋಡಿ ಅದೇ ಕ್ಲಿಯರ್ ಒಂದು ತೆಳು ಕೋಟ್ ಹೊಡೆದ್ರೆ ಅದರ ತಿನ್ನರ್ ಕೆಳಗಿನದ್ದನ್ನ ಮತ್ತೆ ತೆರೆದು ತೇವ ಹೊರಗೆ ಬಿಡತ್ತೆ. ಕ್ಯಾನ್ ಬಿಟ್ಟು ಗನ್ನಲ್ಲಿ ಹೊಡೆಯೋರಿಗೆ ರಿಟಾರ್ಡರ್ ತಿನ್ನರ್ ಅಂತ ನಿಧಾನಕ್ಕೆ ಆರೋದು ಸಿಗತ್ತೆ. ಮಂಜು ಬೇಸ್ ಕೋಟಲ್ಲೇ ಕೂತು ಅದರ ಮೇಲೆ ಕ್ಲಿಯರ್ ಹೊಡೆದಾಗಿದ್ರೆ ಮಾತ್ರ ಯಾವ ಉಪಾಯಾನೂ ನಡೆಯಲ್ಲ, ಅಲ್ಲೀವರೆಗೂ ಉಜ್ಜಲೇಬೇಕು.

ಇಳಿದಿರೋದು, ಕಿತ್ತಳೆ ಸಿಪ್ಪೆ ಆಗಿರೋದು

ಎರಡೂ ಕೈ ಚಳಕದ ವಿಷಯ, ಕಾರಣ ಒಂದಕ್ಕೊಂದು ಉಲ್ಟಾ. ಹತ್ತಿರದಿಂದ ನಿಧಾನಕ್ಕೆ ಹೊಡೆದ್ರೆ ಪೇಂಟ್ ಇಳಿಯತ್ತೆ, ದೂರದಿಂದ ಬೇಗ ಬೇಗ ಹೊಡೆದ್ರೆ ಹನಿ ಹರಡ್ಕೊಳ್ಳದೇ ಮೈಯೆಲ್ಲಾ ಕಿತ್ತಳೆ ಸಿಪ್ಪೆ ಥರ ತರಿತರಿ ಆಗತ್ತೆ. 20ರಿಂದ 25 ಸೆಂಟಿಮೀಟರ್ ದೂರ, ಪಾರ್ಟಿನ ಆಚೆ ಶುರು ಮಾಡಿ ಆಚೆ ನಿಲ್ಸೋದು, ಹಿಂದಿನ ಗೆರೆಯ ಅರ್ಧದ ಮೇಲೆ ಮುಂದಿನ ಗೆರೆ, ಕೋಟ್ ಕೋಟ್ ನಡುವೆ ಹತ್ತು ಹದಿನೈದು ನಿಮಿಷ. ಕ್ಯಾನನ್ನ ಒಳಗಿನ ಗೋಲಿ ಸದ್ದು ಮಾಡಿದ್ಮೇಲೂ ಎರಡು ನಿಮಿಷ ಅಲ್ಲಾಡಿಸಿ, ಚಳೀಲಿ ಉಗುರು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ರೆ ಸ್ಪ್ರೇ ನಯವಾಗಿ ಬರತ್ತೆ, ಕುದಿಯೋ ನೀರಲ್ಲಿ ಮಾತ್ರ ಯಾವತ್ತೂ ಇಡ್ಬೇಡಿ, 50 ಡಿಗ್ರಿ ದಾಟಿದ್ರೆ ಕ್ಯಾನ್ ಸಿಡಿಯೋ ಅಪಾಯ ಇದೆ.

ಇಳಿದದ್ದು ಹಸಿ ಇರುವಾಗ ಬೆರಳು ಹಾಕ್ಬೇಡಿ. ಕ್ಲಿಯರಲ್ಲಿ ಇಳಿದಿದ್ರೆ ಚೆನ್ನಾಗಿ ಗಟ್ಟಿಯಾದ್ಮೇಲೆ, 1ಕೆ ಆದ್ರೆ ಕೆಲವು ದಿನ ಬಿಟ್ಟು, ಒಂದು ಪುಟ್ಟ ಗಟ್ಟಿ ತುಂಡಿಗೆ 1000 ಪೇಪರ್ ಸುತ್ತಿ ಉಬ್ಬು ಮಾತ್ರ ತಗ್ಗಿಸಿ, ಆಮೇಲೆ 1500, 2000, ಕೊನೇಗೆ ಹೊಳಪು ತರೋ ರಬ್ಬಿಂಗ್ ಕಾಂಪೌಂಡ್ ಪೇಸ್ಟ್. ಮೆಟಾಲಿಕ್ ಬೇಸಲ್ಲಿ ಇಳಿದಿದ್ರೆ ಉಜ್ಜಿ ಅಷ್ಟಕ್ಕೇ ಬಿಡೋ ಹಾಗಿಲ್ಲ, ಉಜ್ಜಿದ ಕಡೆ ಅಲ್ಯೂಮಿನಿಯಂ ಕಣಗಳು ಕೆದರಿ ಕಲೆಯಾಗಿ ಕಾಣತ್ತೆ, ಸಮ ಮಾಡಿ ಮತ್ತೆ ಬೇಸ್ ಹೊಡೆದೇ ಕ್ಲಿಯರಿಗೆ ಹೋಗ್ಬೇಕು. ಇನ್ನು ಕಿತ್ತಳೆ ಸಿಪ್ಪೆ ತೆಗೆಯೋಕೆ ಮುಂಚೆ ಪಕ್ಕದ ಡೋರ್ ಮೇಲೆ ಟಾರ್ಚ್ ಬಿಟ್ಟು ನೋಡಿ, ಕಂಪ್ನಿ ಪೇಂಟಲ್ಲೂ ಸ್ವಲ್ಪ ಇದ್ದೇ ಇರತ್ತೆ. ಅದಕ್ಕೆ ಹೊಂದಿದ್ರೆ ಸಾಕು, ಕನ್ನಡಿ ಥರ ಮಾಡೋಕೆ ಹೋಗಿ ಕ್ಲಿಯರ್ ತೂತು ಬೀಳಿಸ್ಕೋಬೇಡಿ.

ಬಣ್ಣ ಹೊಂದ್ತಿಲ್ಲ

ಸಿಲ್ವರ್, ಗ್ರೇ ಕಾರಿನವರ ದೊಡ್ಡ ತಲೆನೋವು ಇದು. ಬಣ್ಣದ ಹೆಸರಲ್ಲ, ಕೋಡ್ ಬೇಕು, ಉದಾಹರಣೆಗೆ ಮಾರುತಿಯ ಸಿಲ್ಕಿ ಸಿಲ್ವರ್ ಆದ್ರೆ ಜೆಡ್‌2ಎಸ್, ಸುಪೀರಿಯರ್ ವೈಟ್ ಆದ್ರೆ 26ಯು. ಬಾನೆಟ್ ಒಳಗಿನ ಪ್ಲೇಟಲ್ಲೋ ಡ್ರೈವರ್ ಡೋರ್ ಪಿಲ್ಲರ್ ಹತ್ರಾನೋ ಹುಡುಕಿ. ಪೇಂಟ್ ಮಿಕ್ಸ್ ಮಾಡೋ ಅಂಗಡಿಗೆ ಹೋಗೋದಾದ್ರೆ ಪೆಟ್ರೋಲ್ ಮುಚ್ಚಳಾನೇ ಬಿಚ್ಚಿ ತಗೊಂಡೋಗಿ, "ಅಣ್ಣಾ, ಗಾಡಿ ಎಂಟು ವರ್ಷದ್ದು, ಬಿಸಿಲಿಗೆ ಸ್ವಲ್ಪ ಮಾಸಿದೆ, ಕೋಡಿಗೆ ಮಾಡಿ ಇದಕ್ಕೆ ಹೊಂದಿಸಿ ಕೊಡಿ" ಅಂತ ಕೇಳಿ, ಕೋಡ್ ಒಂದೇ ಆದ್ರೂ ಬಿಸಿಲಲ್ಲಿ ನಿಂತ ಗಾಡಿ ಬಣ್ಣ ಬೇರೆಯಾಗಿರತ್ತೆ.

ಕೋಡ್ ಸರಿ ಇದ್ದೂ ಹೊಂದ್ತಿಲ್ಲ ಅಂದ್ರೆ ತೊಂದ್ರೆ ಹೊಡೆದ ರೀತೀಲಿದೆ. ಮೆಟಾಲಿಕ್ ಪೇಂಟನ್ನ ಹಸಿಯಾಗಿ ದಪ್ಪ ಹೊಡೆದ್ರೆ ಕಣಗಳು ಅಡ್ಡಾದಿಡ್ಡಿ ಮುಳುಗಿ ಬಣ್ಣ ಕಪ್ಪಾಗತ್ತೆ, ದೂರದಿಂದ ಒಣಗಿದ ಹಾಗೆ ಹೊಡೆದ್ರೆ ಕಣಗಳು ಮೇಲೆ ಚಪ್ಪಟೆ ಮಲಗಿ ತಿಳಿಯಾಗತ್ತೆ. ಒಂದೇ ಕ್ಯಾನಿಂದ ಎರಡು ಬಣ್ಣ ಬರೋದು ಹೀಗೆ, ಪಟ್ಟೆ ಪಟ್ಟೆ ಕಾಣೋದೂ ಇದೇ ಕಾರಣಕ್ಕೆ. ಕೊನೇ ಕೋಟ್ ಸ್ವಲ್ಪ ದೂರದಿಂದ, 30 ಸೆಂಟಿಮೀಟರಿನ ಹತ್ರ, ತೆಳ್ಳಗೆ ಅಡ್ಡ ಒಂದು ಸಲ ಉದ್ದ ಒಂದು ಸಲ ಹೊಡೆದ್ರೆ ಪಟ್ಟೆ ಕರಗತ್ತೆ. ಪಾರ್ಟನ್ನ ಕಾರ್ ಮೇಲೆ ಹೇಗೆ ನಿಲ್ಲತ್ತೋ ಹಾಗೇ ನಿಲ್ಲಿಸಿ ಹೊಡೀರಿ.

ಒಂದು ರಟ್ಟಿಗೆ ಅದೇ ಪ್ರೈಮರ್, ಅದೇ ಬೇಸ್ ಹೊಡೆದು, ಅರ್ಧಕ್ಕೆ ಕ್ಲಿಯರ್ ಹೊಡೆದು, ಕಾರಿನ ಪಕ್ಕ ಹಗಲ ಬೆಳಕಲ್ಲಿ ಇಟ್ಟು ನೇರವಾಗೂ ಓರೆಯಾಗೂ ನೋಡಿ. ಕ್ಲಿಯರ್ ಇಲ್ದೆ ಬಣ್ಣದ ತೀರ್ಪು ಹೇಳ್ಬೇಡಿ, ಟ್ಯೂಬ್‌ಲೈಟ್ ಕೆಳಗಂತೂ ಬೇಡ. ಕೆಂಪು, ಹಳದಿ ಬಣ್ಣಕ್ಕೆ ಕೆಳಗಿನ ಪ್ರೈಮರ್ ಬಣ್ಣ ಇಣುಕತ್ತೆ, ಗಾಢ ಗ್ರೇ ಮೇಲೆ ಹೊಡೆದ ಕೆಂಪು ಮಂಕಾಗೇ ಇರತ್ತೆ. ಮೂರು ಹಂತದ ಪರ್ಲ್ ವೈಟ್ ಮಾತ್ರ ಮೊದಲ ಸಲಕ್ಕೆ ಬೇಡ ಅಂತ ಖಂಡಿತವಾಗಿ ಹೇಳ್ತೀನಿ, ನಡುವಿನ ಪರ್ಲ್ ಕೋಟ್ ಒಂದು ಹೆಚ್ಚಾದ್ರೂ ಬಣ್ಣ ಬದಲಾಗತ್ತೆ.

ಅಂಟು ಬಿಡ್ತಿಲ್ಲ, ಪೆಟ್ರೋಲ್ ಬಿದ್ರೆ ಕಲೆ

ಸಾದಾ ಕ್ಯಾನ್ ಅಂದ್ರೆ 1ಕೆ, ಬರೀ ತಿನ್ನರ್ ಆರಿ ಒಣಗತ್ತೆ, ಹಾಗಾಗಿ ಅದೇ ಥರದ ತಿನ್ನರ್ ಮತ್ತೆ ಬಿದ್ರೆ ಕರಗತ್ತೆ. ಪೆಟ್ರೋಲ್ ಕೂಡ ಅದನ್ನ ಮೆತ್ತಗೆ ಮಾಡತ್ತೆ. ಬಂಕಲ್ಲಿ ನಾಝಲ್ ತೆಗೆಯುವಾಗ ಬೀಳೋ ನಾಲ್ಕು ಹನಿಗೆ ಮುಚ್ಚಳದ ಅಂಚು ಮಂಕಾಗಿ ಅಂಟಾಗ್ತಿದ್ರೆ ನಿಮ್ಮ ಕೈಯ ತಪ್ಪಲ್ಲ, ಆ ಜಾಗಕ್ಕೆ ಆ ಕ್ಲಿಯರ್ ಸರಿ ಇಲ್ಲ. ಮಿರರ್ ಕ್ಯಾಪಿಗೆ 1ಕೆ ನಡೆಯತ್ತೆ, ಪೆಟ್ರೋಲ್ ಮುಚ್ಚಳಕ್ಕೆ 2ಕೆ ಬೇಕು.

2ಕೆ ಹೊಡೆದೂ ಎರಡು ದಿನ ಅಂಟು ಬಿಟ್ಟಿಲ್ಲ ಅಂದ್ರೆ ಹಾರ್ಡನರ್ ಸರಿಯಾಗಿ ಬೆರೆತಿಲ್ಲ. ಕ್ಯಾನ್ ಆದ್ರೆ ಹಾರ್ಡನರ್ ಬಿಡೋ ತಳದ ಗುಂಡಿ ಪೂರ್ತಿ ಒತ್ತಿಲ್ಲ, ಒತ್ತಿದ್ಮೇಲೆ ಅಲ್ಲಾಡಿಸಿಲ್ಲ, ಅಥವಾ ಒತ್ತಿ ಅವಧಿ ಮೀರಿದ ಮೇಲೆ ಬಳಸಿದ್ದೀರ. ಡಬ್ಬ ಆದ್ರೆ ಎರಡಕ್ಕೊಂದು, ನಾಲ್ಕಕ್ಕೊಂದು ಅಂತ ಬರೆದಿರೋ ಅಳತೆ ತಪ್ಪಿದೆ. ಕಾಯೋದ್ರಿಂದ ಅದು ಗಟ್ಟಿಯಾಗಲ್ಲ, ಒರೆಸಿ ತೆಗೀರಿ.

2ಕೆ ಬಗ್ಗೆ ಗಂಭೀರವಾಗಿ ಒಂದು ಮಾತು. ಅದರ ಹಾರ್ಡನರಲ್ಲಿ ಐಸೊಸೈನೇಟ್ ಇರತ್ತೆ, ಉಸಿರಲ್ಲಿ ಹೋದ್ರೆ ಅಸ್ತಮಾ ತರಿಸ್ಬಹುದು, ವಾಸನೆಯಿಂದ ಅದರ ಪ್ರಮಾಣ ಗೊತ್ತಾಗಲ್ಲ. ಬಟ್ಟೆ ಮಾಸ್ಕ್, ಎನ್95 ಇದಕ್ಕೆ ಸಾಲಲ್ಲ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಜೊತೆ ಕಣದ ಫಿಲ್ಟರ್ ಇರೋ ಮಾಸ್ಕ್, ಗ್ಲೌಸ್, ಕನ್ನಡಕ, ಬಯಲು ಜಾಗ ಎಲ್ಲಾ ಬೇಕು. ಮನೇಲಿ ಅಸ್ತಮಾ ಇರೋರಿದ್ರೆ ಆ ಪಾರ್ಟನ್ನ ಪೇಂಟರ್ ಕೈಗೆ ಕೊಟ್ಬಿಡಿ. 1ಕೆ ಕ್ಯಾನ್ ಆದ್ರೂ ಒಳಗಿನ ಗ್ಯಾಸ್ ಹೊತ್ತಿಕೊಳ್ಳೋ ಜಾತಿ, ಯುಟಿಲಿಟೀಲಿ ಗ್ಯಾಸ್ ಗೀಸರ್ ಇರೋ ಕಡೆ, ದೇವರ ದೀಪ ಉರೀತಿರೋ ಕಡೆ ಹೊಡೀಬೇಡಿ.

ಬೊಬ್ಬೆ, ಗೆರೆ, ಧೂಳು

ಸೂಜಿ ಮೊನೆಯಷ್ಟು ತೂತು ಅಥವಾ ಗುಳ್ಳೆ ಕ್ಲಿಯರ್ ತುಂಬಾ ಇದ್ರೆ, ದಪ್ಪ ಹೊಡೆದು ಬೇಗ ಒಣಗ್ಲಿ ಅಂತ ಬಿಸಿಲಿಗೆ ಇಟ್ಟಿದ್ದೀರ, ಒಳಗಿನ ತಿನ್ನರ್ ಮೇಲಿನ ಪದರ ಒಡ್ಕೊಂಡು ಹೊರಗೆ ಬಂದಿದೆ. ತಿಂಗಳುಗಳಾದ್ಮೇಲೆ ದೊಡ್ಡ ಬೊಬ್ಬೆ ಬಂದ್ರೆ ಸೂಜೀಲಿ ಚುಚ್ಚಿ ನೋಡಿ, ಕಂದು ನೀರು ಬಂದ್ರೆ ಕೆಳಗೆ ತುಕ್ಕು, ಅದು ತಗಡಿನ ಪಾರ್ಟಲ್ಲಿ ಮಾತ್ರ. ಬೊಬ್ಬೆ ಪುಟ್ಟಿ ಹಾಕಿದ ಜಾಗದಲ್ಲೇ ಇದ್ರೆ ಪುಟ್ಟಿಯನ್ನ ನೀರು ಹಾಕಿ ಉಜ್ಜಿದ್ದೇ ಕಾರಣ ಇರತ್ತೆ, ಪಾಲಿಯೆಸ್ಟರ್ ಪುಟ್ಟಿ ನೀರು ಹೀರತ್ತೆ, ಅದನ್ನ ಯಾವಾಗ್ಲೂ ಒಣದಾಗೇ ಉಜ್ಜಬೇಕು, ನೀರು ಪ್ರೈಮರ್ ಬಿದ್ಮೇಲೆ.

ಬಣ್ಣದ ಕೆಳಗೆ ಉದ್ದ ಗೆರೆಗಳು ಕಂಡ್ರೆ, ಅದ್ರಲ್ಲೂ ಹೊಡೆದಾಗ ಇಲ್ದೆ ವಾರದಲ್ಲಿ ಎದ್ದು ಕಂಡ್ರೆ, 320ರಿಂದ ನೇರ ಬಣ್ಣಕ್ಕೆ ಹೋಗಿದ್ದೀರ. ಪ್ರೈಮರ್ ಮೇಲೆ 600, ಮೆಟಾಲಿಕ್ ಆದ್ರೆ 800ರಲ್ಲಿ ಮುಗಿಸ್ಬೇಕು. ಧೂಳು ಏಳದ ಹಾಗೆ ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಆಫ್ ಮಾಡಿ. ರಾತ್ರಿ ಲೈಟ್ ಹಾಕಿ ಹೊಡೀಬೇಡಿ, ಮಳೆ ಬಂದ ರಾತ್ರಿ ಹುಳ ಬಂದು ಅಂಟತ್ತೆ. ಅಂಟಿದ ಹುಳವನ್ನ ಹಸೀಲಿ ಕೀಳ್ಬೇಡಿ, ಒಣಗಿದ್ಮೇಲೆ 1500ರಲ್ಲಿ ಉಜ್ಜಿ ರಬ್ಬಿಂಗ್ ಕಾಂಪೌಂಡ್ ಹಾಕಿದ್ರೆ ಗುರುತು ಅಷ್ಟಾಗಿ ಉಳಿಯಲ್ಲ.

ಎಲ್ಲಾ ಸರಿ ಹೋದ್ಮೇಲೆ ಕ್ಯಾಪನ್ನ ವಾಪಸ್ ಕೂರಿಸೋಕೆ ಆತುರ ಪಡ್ಬೇಡಿ. ಕ್ಲಿಪ್ ಒತ್ತೋವಾಗ ಹೆಬ್ಬೆರಳಿನ ಬಲ ಬೀಳೋದು ಹೊಸ ಪೇಂಟ್ ಮೇಲೇನೇ, 1ಕೆ ಆದ್ರೆ ಕನಿಷ್ಠ ಎರಡು ಮೂರು ದಿನ ನೆರಳಲ್ಲಿ ಬಿಟ್ಟು, ಮೆತ್ತನೆ ಬಟ್ಟೆ ಮಡಿಸಿ ಅದರ ಮೇಲಿಂದ ಒತ್ತಿ. ಒಂದು ತಿಂಗಳು ವ್ಯಾಕ್ಸ್ ಹಚ್ಬೇಡಿ, ಒಳಗೆ ಉಳಿದ ತಿನ್ನರ್ ಪೂರ್ತಿ ಹೊರಗೆ ಹೋಗ್ಲಿ, ಅಲ್ಲೀ ತನಕ ವಾಟರ್ ಸರ್ವೀಸಿಗೆ ಕೊಟ್ರೆ ಪ್ರೆಷರ್ ಗನ್ನನ್ನ ಮಿರರ್ ಕಡೆ ಹಿಡೀಬೇಡಪ್ಪಾ ಅಂತ ಆ ಹುಡುಗನಿಗೆ ಮೊದ್ಲೇ ಹೇಳಿ.